ನೆತ್ತರುಗೊಡಗೆ, ಕೆರೆಗೊಡಗೆ ಮತ್ತು ಶಿರಾ ಗೇಟಿನ ಹನ್ನೊಂದು ಕಂಬ

"ಏನಾದ್ರೂ ಆಯ್ತಾ ಆಂಟಿ?"

ಫೋನ್ ಎತ್ತಿದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ. ತುಮಕೂರಿನಿಂದ ಕರೆ. ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಯಾರ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದೆನೋ ಆ ಓನರ್ ಆಂಟಿ. ಶಿರಾ ಗೇಟ್ ಕಡೆಯವರು. ಬ್ಲೌಸ್ ಹೊಲೀತಾರೆ, ಸ್ತ್ರೀಶಕ್ತಿ ಸಂಘ ನಡೆಸ್ತಾರೆ, ನಾನು ಟಿ.ವಿ.ಯಲ್ಲಿ ಉಟ್ಟ ಸೀರೆಗೆ ಬ್ಲೌಸ್ ಮ್ಯಾಚ್ ಆಗದಿದ್ದರೆ ಫೋನ್ ಮಾಡಿ ಬೈತಾರೆ. ಆವತ್ತು ಬೈಯೋದಕ್ಕೆ ಮಾಡಿರಲಿಲ್ಲ.

"ನಿನ್ನ ಟಿ.ವಿ.ಯವರನ್ನ ಕರ್ಕೊಂಡು ಒಂದ್ಸಲ ಬಾಮ್ಮ. ಮೇನ್ ರೋಡಿಂದ ನಮ್ಮನೆ ತನಕ ಹನ್ನೊಂದು ಕಂಬ ಅವೆ. ಮೂರು ಉರೀತವೆ. ಹುಡ್ಗೀರು ಓಡಾಡೋಕಾಗ್ತಿಲ್ಲ."

ಆಗ ಕೇಳಿದ್ದು ನಾನು, ಏನಾದ್ರೂ ಆಯ್ತಾ ಅಂತ. ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಬಂತು ಉತ್ತರ: "ಆಗ್ಬೇಕೇನಮ್ಮ?"

ವೀಕ್ಷಕರೇ, ಹತ್ತು ವರ್ಷದ ಆ್ಯಂಕರಿಂಗ್‌ನಲ್ಲಿ ಎಂತೆಂಥ ನಾಯಕರಿಗೆ ಅಡ್ಡಪ್ರಶ್ನೆ ಹಾಕಿದ್ದೀನಿ. ನನಗೆ ಯಾರಾದರೂ ಹಾಕಿದ ಅಡ್ಡಪ್ರಶ್ನೆ ಅಂತ ಇದ್ದರೆ ಅದು ಇದೇ. ಯಾಕಂದ್ರೆ ನಮ್ಮ ಡೆಸ್ಕಿನಲ್ಲಿ ಒಂದು ಸುದ್ದಿ ಸುದ್ದಿಯಾಗಬೇಕಾದರೆ ಏನಾದರೂ ಆಗಿರಬೇಕು. ಸರ ಹೋಗಿರಬೇಕು, ಚಾಕು ಬಿದ್ದಿರಬೇಕು, ಸಿ.ಸಿ. ಟಿ.ವಿ. ಫುಟೇಜ್ ಸಿಕ್ಕಿದ್ದರೆ ಇನ್ನೂ ಒಳ್ಳೇದು. ಕತ್ತಲು ಸುದ್ದಿಯಲ್ಲ, ಕತ್ತಲಲ್ಲಿ ನಡೆದದ್ದು ಮಾತ್ರ ಸುದ್ದಿ.

ಆಮೇಲೆ ಗೊತ್ತಾಯಿತು, ಆಂಟಿ ನನಗಿಂತ ಮೊದಲು ಅರ್ಜಿ ಹಿಡಿದು ಒಂದು ಕಚೇರಿಗೂ ಹೋಗಿ ಬಂದಿದ್ದರು ಅಂತ. ಅಲ್ಲಿ ಕೂತವರು ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರಂತೆ: "ಈ ರಸ್ತೇಲಿ ಎಷ್ಟು ಕೇಸಾಗಿದೆ? ಎಫ್‌ಐಆರ್ ಕಾಪಿ ಇದ್ರೆ ಲಗತ್ತಿಸಿ ಕೊಡಿ." ಕಚೇರಿಯ ಪ್ರಶ್ನೆಗೂ ಚಾನೆಲಿನ ಪ್ರಶ್ನೆಗೂ ಏನಾದರೂ ವ್ಯತ್ಯಾಸ ಇದೆಯಾ? ಇಲ್ಲ.

ಆ ಭಾನುವಾರ ಹೋದೆ. ಕ್ಯಾಮೆರಾ ಇಲ್ಲದೆ.

ವಸಂತನರಸಾಪುರದ ಕೈಗಾರಿಕಾ ಪ್ರದೇಶ ಶಿರಾ ರಸ್ತೆಯಲ್ಲೇ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರಲ್ಲ, ಅದೇ ಜಾಗ. ಅಲ್ಲಿ ಎರಡನೇ ಪಾಳಿ ಮುಗಿಸಿದ ಹುಡುಗಿಯರು ಶಿರಾ ಗೇಟಿನಲ್ಲಿ ಇಳಿದು ಒಳಗಿನ ಬೀದಿಗಳಿಗೆ ನಡೀತಾರೆ. ನಾಲ್ಕೈದು ಜನ ಒಟ್ಟಿಗೆ, ಮೊಬೈಲ್ ಟಾರ್ಚ್ ಹಾಕ್ಕೊಂಡು. ಮೂಲೆಯಲ್ಲಿ ಒಂದು ಬಾರ್. ಅದರ ಮುಂದೆ ಬೈಕು ನಿಲ್ಲಿಸಿಕೊಂಡವರು ಹಿಂದೆ ಹಿಂದೆ ಬರ್ತಾರೆ, ಹಾರ್ನ್ ಹೊಡೀತಾರೆ, ಹೋಗ್ತಾರೆ. ಮುಟ್ಟಿಲ್ಲ, ಕಿತ್ತಿಲ್ಲ, ಹೊಡೆದಿಲ್ಲ. ಠಾಣೆಗೆ ಹೋಗಿ ಏನಂತ ಬರೆಸೋದು? ಆದರೆ ಅವರಲ್ಲಿ ಒಬ್ಬಳನ್ನು ಅಣ್ಣ ಕೆಲಸ ಬಿಡಿಸಿದ. "ದುಡ್ಡು ಹೋದ್ರೆ ಹೋಗ್ಲಿ" ಅಂದನಂತೆ. ಆ ಸಂಬಳದಲ್ಲಿ ಅವಳ ತಂಗಿ ನರ್ಸಿಂಗ್ ಓದ್ತಿದ್ದಳು. ಈಗ ಇಬ್ಬರೂ ಮನೇಲಿ. ಸರ್ಕಾರಿ ಭಾಷೆಯಲ್ಲಿ ಆ ಬೀದಿಯಲ್ಲಿ ಏನೂ ಆಗಿಲ್ಲ.

ನಾನೂ ಅದೇ ಬೀದಿಯಲ್ಲಿ ನಡೆದವಳು. ಫಸ್ಟ್ ಇಯರ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್‌ಗೆ ಮಿನಿ ಡ್ರಾಫ್ಟರ್ ಅಂತ ಒಂದು ಉದ್ದನೆ ಸಾಮಾನು ಕೊಡಿಸ್ತಾರೆ. ಡ್ರಾಯಿಂಗ್ ಪೇಪರ್ ಬಿಟ್ಟು ಬೇರೆ ಎಲ್ಲಾದರೂ ಅದು ನನಗೆ ಉಪಯೋಗಕ್ಕೆ ಬಂದಿದೆ ಅಂದರೆ ಶಿರಾ ಗೇಟಿನ ಆ ಬೀದಿಯಲ್ಲಿ. ಭೀಮನ ಗದೆ ಥರ ಹಿಡ್ಕೊಂಡು ಬರ್ತಿದ್ದೆ. ಆಗಲೂ ಏನೂ ಆಗಲಿಲ್ಲ.

ಹೆಸರು ನೋಡಿ, ಶಿರಾ ಗೇಟ್. ಶಿರಾ ಕಡೆಗೆ ಹೋಗುವ ದಾರಿ ಇಲ್ಲಿಂದ ಶುರು. 1687ರಲ್ಲಿ ಮೊಘಲರು ಶಿರಾವನ್ನು ಒಂದು ಸುಬಾದ ಕೇಂದ್ರ ಮಾಡಿದರು. 1761ರಲ್ಲಿ ಹೈದರಾಲಿಯ ಕೈಗೆ ಬಂತು. ಇನ್ನೂ ಹಿಂದಕ್ಕೆ ಹೋದರೆ ಶಿರಾದ ಆಚೆ, ಈಗ ಆಂಧ್ರದ ಗಡಿಯೊಳಗಿರುವ ಹೇಮಾವತಿ ನೊಳಂಬರ ರಾಜಧಾನಿ. ದಂಡು, ದನ, ವ್ಯಾಪಾರ ಎಲ್ಲ ಓಡಾಡಿದ ಸೀಮೆ ಇದು. ಇಂಥ ಸೀಮೆಯಲ್ಲಿ ಊರು ಕಾಯೋದು ಸಣ್ಣ ಕೆಲಸ ಅಲ್ಲ. ಕಾಯೋನಿಗೆ ಕೂಲಿ ಯಾರು ಕೊಡ್ತಿದ್ದರು? ಯಾವಾಗ ಕೊಡ್ತಿದ್ದರು? ಆಂಟಿಯ ಅರ್ಜಿ ತಿದ್ದೋಕೆ ಅಂತ ಕೂತವಳು ನಾನು, ಈ ಪ್ರಶ್ನೆ ಹಿಡಿದು ಶಾಸನಗಳ ಪುಸ್ತಕದೊಳಗೆ ಹೋದೆ.

ಹಲ್ಮಿಡಿ ಶಾಸನದ ಹೆಸರು ಪ್ರತಿ ರಾಜ್ಯೋತ್ಸವಕ್ಕೂ ನಾವು ಹೇಳ್ತೀವಿ. ಬೇಲೂರು ತಾಲ್ಲೂಕಿನ ಊರು, ಸುಮಾರು ಕ್ರಿ.ಶ. 450ರ ಕಲ್ಲು, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಆದರೆ ಅದರಲ್ಲಿ ಏನಿದೆ ಅಂತ ಕೇಳಿದರೆ ಎಷ್ಟು ಜನ ಹೇಳ್ತೀವಿ? ಅದೊಂದು ಅನುದಾನದ ಪತ್ರ! ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಾರಸ ಎಂಬವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟರು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ರಕ್ತ ಮೆತ್ತಿದ ಕತ್ತಿ ತೊಳೆದು ಕೊಡುವ ದತ್ತಿ. ಅಂದರೆ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಮೊದಲ ದಾಖಲೆಯೇ, ಹಿಂಸೆ ನಡೆದ ಮೇಲೆ ಮಂಜೂರಾದ ಹಣದ್ದು.

ಅಲ್ಲಿಂದ ಮುಂದೆ ಸಾಲು ಸಾಲು. ಬೆಂಗಳೂರಿನ ಬೇಗೂರು ಕಲ್ಲನ್ನು ನೋಡಿ, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸುಮಾರು 1,100 ವರ್ಷ ಹಳೇದು. ಗಂಗರ ಎರೆಯಪ್ಪನ ಕಡೆಯಿಂದ ನಾಗತ್ತರ ಎಂಬ ವೀರ, ನೊಳಂಬರ ಅಯ್ಯಪದೇವನ ನೆರವಿಗೆ ಹೋಗಿ ತುಂಬೆಪಾಡಿಯ ಯುದ್ಧದಲ್ಲಿ ಸತ್ತ. ಅವನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟರು. ಇವತ್ತಿನ ಭಾಷೆಯಲ್ಲಿ ಅನುಕಂಪದ ನೇಮಕಾತಿ, ಜೊತೆಗೆ ಪರಿಹಾರಧನ. ಊರಿಗೆ ಬಿದ್ದ ಕಳ್ಳರನ್ನು, ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಹೆಸರೇ 'ನೆತ್ತರುಗೊಡಗೆ'. ನೆತ್ತರು ಕೊಟ್ಟವರಿಗೆ ಕೊಡುಗೆ. ಹೆಸರಿನಲ್ಲೇ ಷರತ್ತು ಇದೆ. ಎಫ್‌ಐಆರ್ ಕಾಪಿ ಲಗತ್ತಿಸಿ ಅಂದ ಹಾಗೆ.

ತುಮಕೂರು ಜಿಲ್ಲೆಯ ಶಾಸನಗಳಿಗೇ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಒಂದು ಇಡೀ ಸಂಪುಟ ಮೀಸಲಿಟ್ಟರು, ಹನ್ನೆರಡನೇದು. ಶಾಸನ ಇಲ್ಲದ ವೀರಗಲ್ಲುಗಳು ಊರೂರ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಇವತ್ತಿಗೂ ನಿಂತಿವೆ. ಕಲ್ಲಿನ ಮೇಲೆ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಹೋರಾಟ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು. ಮೇಲೆ ಶಿವನ ಸನ್ನಿಧಿ, ಸೂರ್ಯ ಚಂದ್ರ. ನನ್ನ ಕಸುಬಿನ ಕಣ್ಣಿಗೆ ಅದು ಮೂರು ಫ್ರೇಮಿನ ಒಂದು ಪಕ್ಕಾ ನ್ಯೂಸ್ ಪ್ಯಾಕೇಜ್. ಘಟನೆ, ಅಂತಿಮಯಾತ್ರೆ, ಗಣ್ಯರ ಸಂತಾಪ. ಆ ರಾತ್ರಿ ಊರಬಾಗಿಲು ಯಾಕೆ ತೆರೆದಿತ್ತು, ದನದ ಹಟ್ಟಿಗೆ ಮುಳ್ಳುಬೇಲಿ ಯಾಕೆ ಇರಲಿಲ್ಲ ಅನ್ನೋದಕ್ಕೆ ನಾಲ್ಕನೇ ಫ್ರೇಮ್ ಕಲ್ಲಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ಒಂದು ಅಡ್ಡಮಾತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949-50ರ ಒಂದು ಶಾಸನ ಸಿಕ್ಕಿತು. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ರಾಜನ ನಾಯಿ, 'ಕಾಳಿ'ಯನ್ನು. ಆ ನಾಯಿ ಹಂದಿಯೊಂದರ ಜೊತೆ ಹೋರಾಡಿ ಎರಡೂ ಸತ್ತವು. ನಾಯಿಗೂ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ನನಗೆ ಈ ಕಥೆ ತುಂಬಾ ಇಷ್ಟ, ಸುಳ್ಳು ಹೇಳಲ್ಲ. ಆದರೂ ಕಾಳಿ ಬದುಕಿ, ಬಾಗಿಲಲ್ಲಿ ಮಲಗಿ, ಹಂದಿ ಹತ್ತಿರ ಬರದ ಹಾಗೆ ಹತ್ತು ವರ್ಷ ಬೊಗಳಿದ್ದರೆ ಅದಕ್ಕೆ ಒಂದು ಗೇಣು ಭೂಮಿ ಸಿಗ್ತಿತ್ತಾ?

ಹಾಗಂತ ನಮ್ಮ ಹಿರೀಕರಿಗೆ ಮುಂಜಾಗ್ರತೆ ಅನ್ನೋದೇ ಗೊತ್ತಿರಲಿಲ್ಲ ಅಂದರೆ ಅದು ತಪ್ಪು. ಅದೇ ಶಾಸನಗಳ ಪುಸ್ತಕದಲ್ಲಿ ಇನ್ನೊಂದು ಜಾತಿಯ ದತ್ತಿ ಇದೆ. ಅದು ಕೆರೆಗೊಡಗೆ, ಬಿಟ್ಟುವಟ್ಟ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗೆ ಗದ್ದೆ, ಇಲ್ಲವೇ ಬೆಳೆಯಲ್ಲಿ ಪಾಲು. ವಿಜಯನಗರ ಕಾಲದ ಶಾಸನಗಳಲ್ಲಿ ಕೆರೆಯ ಹೂಳು ಹೊರೋ ಗಾಡಿಗೆ, ಗಾಡಿ ಎಳೆಯೋ ಕೋಣ ಎತ್ತುಗಳಿಗೆ, ಹೊಡೆಯೋ ಆಳಿಗೆ ಇಂತಿಷ್ಟು ಅಂತ ಗೊತ್ತುಮಾಡಿದ್ದಾರೆ. ಗಮನಿಸಿ, ಕೆರೆ ಒಡೆದ ಮೇಲೆ ಕೊಟ್ಟ ಹಣ ಅಲ್ಲ ಇದು. ಒಡೆಯದಿರಲಿ ಅಂತ ವರ್ಷಾವರ್ಷ ಕೊಟ್ಟದ್ದು. ಯಾವ ಮಳೆಗಾಲದಲ್ಲಿ ಏನೂ ಆಗಲಿಲ್ಲವೋ ಆ ವರ್ಷವೂ ಗಾಡಿಯವನಿಗೆ ಕೂಲಿ ಉಂಟು. ಏನೂ ಆಗಲಿಲ್ಲ ಅನ್ನೋದೇ ಅವನು ಕೆಲಸ ಮಾಡಿದ್ದಕ್ಕೆ ಸಾಕ್ಷಿ.

ಇಂಜಿನಿಯರಿಂಗ್‌ನಲ್ಲಿ ನಮಗೆ ಇದನ್ನೇ ಕಲಿಸಿದ್ದರು. ಕೆಟ್ಟ ಮೇಲೆ ರಿಪೇರಿ ಮಾಡೋದು ಬ್ರೇಕ್‌ಡೌನ್ ಮೇಂಟೆನೆನ್ಸ್. ಕೆಡದ ಹಾಗೆ ನೋಡಿಕೊಳ್ಳೋದು ಪ್ರಿವೆಂಟಿವ್ ಮೇಂಟೆನೆನ್ಸ್. ಎರಡು ಅಂಕದ ಪ್ರಶ್ನೆ. ಉತ್ತರ ಬರೆದು ಪಾಸಾದೆವು. ನೀರಿನ ವಿಷಯದಲ್ಲಿ ನಮ್ಮೋರು ಎರಡನೇದನ್ನು ಮಾಡಿದರು, ಜನರ ಜೀವದ ವಿಷಯದಲ್ಲಿ ಮೊದಲನೇದಕ್ಕೇ ನಿಂತರು. 'ಕೆರೆಗೆ ಹಾರ'ದ ಭಾಗೀರಥಿಯ ಕಥೆ ನಿಮಗೆಲ್ಲ ಗೊತ್ತು. ನೀರು ಬರದ ಕೆರೆಗೆ ಕೊನೆಗೆ ಕೊಟ್ಟದ್ದು ಮನೆಯ ಕಿರಿಸೊಸೆಯನ್ನೇ. ಅಮಾನಿಕೆರೆಯ ದಡದಲ್ಲಿ ಆವತ್ತು ಸಂಜೆ ಆಂಟಿ ಜೊತೆ ಕೂತಾಗ ನಾನು ಇದನ್ನೆಲ್ಲ ಹೇಳಿದೆ. ಆಂಟಿ ಶೇಂಗಾ ಬಿಡಿಸ್ತಾ ಕೇಳಿ, "ಅಂದ್ರೆ ನಮ್ದು ಕೆರೆ ಅರ್ಜಿ ಅಂತ ಬರೀಬೇಕಾ?" ಅಂದರು. ಹೌದು ಆಂಟಿ, ಕೆರೆ ಅರ್ಜಿ.

ಊರು ಕಾಯೋಕೆ ಖಾಯಂ ಆಳು ಇರಲೇ ಇಲ್ಲವಾ ಅಂತ ಕೇಳಬಹುದು. ಇದ್ದರು. ತಳವಾರ, ತೋಟಿ. ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗರ ಜೊತೆ ಅವರ ಹೆಸರೂ ಬರುತ್ತೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಇಟ್ಟ 'ಐದನೇ ವರದಿ'ಯಲ್ಲಿ ಇವರ ಕೆಲಸ ಬರೆದಿದ್ದಾರೆ: ತಳವಾರ ಅಪರಾಧಗಳ ಸುಳಿವು ಹಿಡೀಬೇಕು, ಒಂದೂರಿಂದ ಇನ್ನೊಂದೂರಿಗೆ ಹೋಗೋ ಪ್ರಯಾಣಿಕರ ಜೊತೆ ಕಾವಲಾಗಿ ನಡೀಬೇಕು, ತೋಟಿ ಊರೊಳಗೇ ಇದ್ದು ಬೆಳೆ ಕಾಯಬೇಕು, ಅಳತೆಗೆ ನೆರವಾಗಬೇಕು. ಪ್ರಯಾಣಿಕರ ಜೊತೆ ನಡೆಯೋದು! ಶಿರಾ ಗೇಟಿನ ಹುಡುಗಿಯರು ಕೇಳ್ತಿರೋದು ಅದನ್ನೇ ತಾನೇ?

ಆದರೆ ಆ ಹಳೇ ವ್ಯವಸ್ಥೆಯನ್ನು ನೆನೆದು ಕಣ್ಣೀರು ಹಾಕೋ ಅಗತ್ಯ ಇಲ್ಲ. ಕಾಯೋ ಕೆಲಸ ಹುಟ್ಟಿನಿಂದ ಬರ್ತಿತ್ತು, ಬಿಡೋಕೆ ಆಗ್ತಿರಲಿಲ್ಲ. ಒಂದಿಷ್ಟು ಇನಾಮು ಭೂಮಿ, ಕಣದಲ್ಲಿ ಒಂದಿಷ್ಟು ಕಾಳು, ಅದಕ್ಕೆ ಪ್ರತಿಯಾಗಿ ಹಗಲೂ ರಾತ್ರಿ ಚಾಕರಿ. ಮಾಡ್ತಿದ್ದವರು ಹೆಚ್ಚಾಗಿ ಊರ ಹೊರಗೇ ಇರಿಸಿದ ಜನ. ಊರನ್ನು ಕಾಯೋರಿಗೆ ಊರೊಳಗೆ ಮನೆ ಇಲ್ಲ! ಮುಂಬಯಿ ಪ್ರಾಂತ್ಯದಲ್ಲಿ, ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರವೂ ಅದರೊಳಗೇ ಇದ್ದವು, ಇಂಥದ್ದೇ ಮಹಾರ್ ವತನಿನ ಬಂಧನ ಸಡಿಲಿಸೋಕೆ ಅಂಬೇಡ್ಕರ್ 1928ರಲ್ಲಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಮುಗಿಸಿತು. ಮಾರನೇ ವರ್ಷ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ದಳಪತಿ ಅಂತ ಒಬ್ಬ, ಅವನ ಕೆಳಗೆ ಸ್ವಯಂಸೇವಕರು. ಅಂದರೆ ಭೂಮಿ ಹೋಯ್ತು, ಕಾಳು ಹೋಯ್ತು, ಸೇವೆ ಉಳೀತು. ಹಳ್ಳಿಯಿಂದ ಬಂದ ನಮ್ಮ ವೀಕ್ಷಕರು ನಿಮ್ಮೂರಲ್ಲಿ ದಳಪತಿ ಯಾರಿದ್ದರು ಅಂತ ಅಜ್ಜನನ್ನು ಕೇಳಿ ನೋಡಿ.

ಇನ್ನು ನಮ್ಮ ಕಾಲದ ನೆತ್ತರುಗೊಡಗೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದದ್ದನ್ನು ನಾನು ಮತ್ತೆ ಹೇಳಬೇಕಿಲ್ಲ. ನ್ಯಾಯಮೂರ್ತಿ ವರ್ಮಾ ಸಮಿತಿಗೆ ದೇಶದ ಮೂಲೆಮೂಲೆಯಿಂದ 80,000ದಷ್ಟು ಸಲಹೆಗಳು ಬಂದವು. ಸಮಿತಿ 29 ದಿನದಲ್ಲಿ ವರದಿ ಕೊಟ್ಟಿತು. 2013ರ ಬಜೆಟ್‌ನಲ್ಲಿ 1,000 ಕೋಟಿಯ ನಿರ್ಭಯಾ ನಿಧಿ ಘೋಷಣೆ ಆಯ್ತು. ಮೊದಲ ವರ್ಷಗಳಲ್ಲಿ ಅದರ ಬಹುಪಾಲು ಖರ್ಚೇ ಆಗದೆ ಉಳೀತು. ಆಮೇಲೆ ಎಂಟು ಮಹಾನಗರಗಳಿಗೆ ಸೇಫ್ ಸಿಟಿ ಯೋಜನೆ ಬಂತು. ಬೆಂಗಳೂರಿನದೇ ಸುಮಾರು 667 ಕೋಟಿ, ಕೇಂದ್ರದ್ದು 60 ಪಾಲು, ರಾಜ್ಯದ್ದು 40. ತುಮಕೂರು ಆ ಎಂಟರಲ್ಲಿ ಇಲ್ಲ. ಇಲ್ಲಿಗೆ ಬಂದದ್ದು 2016ರಲ್ಲಿ ಆಯ್ಕೆಯಾದ ಸ್ಮಾರ್ಟ್ ಸಿಟಿ.

"ಕ್ಯಾಮೆರಾ ಹಾಕವ್ರಲ್ಲ, ಸರ್ಕಲ್ಲಲ್ಲಿ" ಅಂತ ಆಂಟಿಯೇ ಹೇಳಿದರು. ಕ್ಯಾಮೆರಾ ಬೇಡ ಅಂತ ನಾನು ಹೇಳಲ್ಲ. ಸರ ಕಿತ್ತೋನು ಸಿಕ್ಕಿಬೀಳೋದು ಅದರಿಂದಲೇ, ನಮ್ಮ ಬುಲೆಟಿನ್ ತುಂಬೋದೂ ಅದರಿಂದಲೇ. ಆದರೆ ಅದು ಹೆಚ್ಚಾಗಿ ಆದ ಮೇಲಿನ ಸಾಮಾನು. ಕಂಬದ ದೀಪ ಆಗೋ ಮುಂಚಿನದು. ನ್ಯೂಯಾರ್ಕಿನಲ್ಲಿ 2016ರಲ್ಲಿ ಒಂದು ಪ್ರಯೋಗ ಮಾಡಿದರು. ಸರ್ಕಾರಿ ವಸತಿ ಸಂಕೀರ್ಣಗಳಲ್ಲಿ ಚೀಟಿ ಎತ್ತಿದ ಹಾಗೆ ಅರ್ಧವನ್ನು ಆರಿಸಿ ದೊಡ್ಡ ದೊಡ್ಡ ದೀಪ ನಿಲ್ಲಿಸಿದರು, ಉಳಿದರ್ಧವನ್ನು ಇದ್ದ ಹಾಗೇ ಬಿಟ್ಟರು. ದೀಪ ಬಂದ ಕಡೆ ರಾತ್ರಿ ಹೊತ್ತು ಮನೆಯ ಹೊರಗೆ ನಡೆಯುವ ಗಂಭೀರ ಅಪರಾಧಗಳು ಶೇ. 36ರಷ್ಟು ಇಳಿದವು. ಇದನ್ನು ನಾನು ಆಂಟಿಯ ಅರ್ಜಿಗೆ ಒಂದು ಸಾಲಾಗಿ ಸೇರಿಸಿದೆ. ಆಂಟಿ ಹೊಡೆದುಹಾಕಿದರು. "ನ್ಯೂಯಾರ್ಕ್ ಅಂದ್ರೆ ಅಲ್ಲಿಗೇ ಹೋಗಿ ಕೇಳಿ ಅಂತಾರೆ" ಅಂದರು. ಕೊನೆಗೆ ಅನುಬಂಧದಲ್ಲಿ ಉಳಿಸಿಕೊಂಡೆವು.

ಈಗ ಆ ಅರ್ಜಿ ಬಗ್ಗೆ ಹೇಳಲೇಬೇಕು. ಯಾಕಂದ್ರೆ ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಬರೆಯೋರು ಇರ್ತೀರಿ.

ಮೊದಲನೇ ಅರ್ಜಿ ಒಂದು ಪುಟದ್ದು. 'ದಯಮಾಡಿ', 'ಕೈಮುಗಿದು' ಅನ್ನೋ ಮಾತುಗಳೇ ಅರ್ಧ. ಉಳಿದರ್ಧದಲ್ಲಿ ದೀಪ, ಬಾರ್, ಪೊಲೀಸ್, ಚರಂಡಿ, ನಾಯಿಕಾಟ ಎಲ್ಲ ಒಟ್ಟಿಗೆ. ಅಂಥ ಅರ್ಜಿ ಯಾರ ಟೇಬಲ್ಲಿಗೂ ಸೇರಲ್ಲ, ಪ್ರತಿಯೊಬ್ಬರೂ ಇದು ನಮ್ಮದಲ್ಲ ಅಂತಾರೆ. ಅದನ್ನು ನಾವು ಮೂರಾಗಿ ಒಡೆದೆವು. ದೀಪದ್ದು ಪಾಲಿಕೆಗೆ, ರಾತ್ರಿ ಬೀಟಿನದು ಠಾಣೆಗೆ, ಬಾರಿನ ಮುಂದಿನ ಗುಂಪಿನದು ಅಬಕಾರಿಗೆ. ಸಂಘದ ಹೆಂಗಸರು ಏಳು ರಾತ್ರಿ ಸರದಿ ಮೇಲೆ ಕೂತು, ಹೊತ್ತು ಹೊತ್ತಿಗೆ ಎಷ್ಟು ಜನ ಹೆಣ್ಣುಮಕ್ಕಳು ಆ ಬೀದಿಯಲ್ಲಿ ನಡೆದರು ಅಂತ ಎಣಿಸಿದರು. ಪ್ರತಿ ಕಂಬಕ್ಕೂ ನಂಬರ್ ಹಾಕಿ, ಉರಿಯುತ್ತೆ, ಉರಿಯಲ್ಲ, ಮಿಣುಕುತ್ತೆ ಅಂತ ಗುರುತು. ನನ್ನ ಪದವಿಗೆ ಅಂತೂ ಒಂದು ಕೆಲಸ ಸಿಕ್ಕಿತು ಅಂತ ನಾನೇ ನಕ್ಷೆ ಬರೆದೆ, ಮೊಬೈಲಿನ ಆ್ಯಪಿನಲ್ಲಿ ಬೆಳಕು ಅಳೆದೆ. ಅದು ಪಕ್ಕಾ ಲೆಕ್ಕ ಅಲ್ಲ, ಸೊನ್ನೆಗೆ ಹತ್ತಿರ ಅನ್ನೋದು ಮಾತ್ರ ಪಕ್ಕಾ. ರಸ್ತೆ ದೀಪಕ್ಕೆ ಭಾರತೀಯ ಮಾನಕ ಅಂತ ಒಂದಿದೆ, ಐ.ಎಸ್. 1944. ಅದರ ಹೆಸರು ಬರೆದ ಕೂಡಲೇ ಅರ್ಜಿ ಓದುವವರ ಹುಬ್ಬು ಸ್ವಲ್ಪ ಮೇಲೇರಿದ್ದು ನಿಜ.

ಹಣ ಎಲ್ಲಿಂದ ಅನ್ನೋದನ್ನೂ ನಾವೇ ಬರೆದೆವು. ಇದು ಮುಖ್ಯ. "ಸೂಕ್ತ ಅನುದಾನದಲ್ಲಿ" ಅಂತ ಬರೆದರೆ ಆ ಸೂಕ್ತ ಯಾವತ್ತೂ ಸಿಗಲ್ಲ. ಪಾಲಿಕೆಗೆ ತನ್ನದೇ ಬಜೆಟ್ ಇದೆ, ಬಜೆಟ್ ಪೂರ್ವಭಾವಿ ಸಭೆಗೆ ನಾಗರಿಕರು ಹೋಗಬಹುದು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಂಸದರದು, 1993ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ 5 ಕೋಟಿ. ವಾರ್ಡ್ ಸಮಿತಿ ಅಂತ ಕಾನೂನಿನಲ್ಲೇ ಇದೆ: ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನೋಂದಾಯಿತ ಸಂಘಗಳವರು. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಜನ ಬಂದಿದ್ದರು, ಒಬ್ಬಳೂ ಹೆಂಗಸಿರಲಿಲ್ಲ. ಅಲ್ಲಿಂದ ಇಲ್ಲಿಗೆ ಬಂದಿದ್ದೀವಿ, ಕಾಗದದ ಮೇಲಾದರೂ. ಆಂಟಿ ಈಗ ಆ ಮೂವರಲ್ಲಿ ಒಬ್ಬರಾಗೋಕೆ ಇನ್ನೊಂದು ಅರ್ಜಿ ಹಾಕಿದ್ದಾರೆ.

ಅರ್ಜಿಯ ಕೊನೆಯ ಪ್ಯಾರಾವನ್ನು ಕೆರೆಗೊಡಗೆಯಿಂದ ಕದ್ದೆ. ದೀಪ ಹಾಕಿಸಿಕೊಡಿ ಅಂತ ಮಾತ್ರ ಕೇಳಲಿಲ್ಲ. ಐದು ವರ್ಷ ಉರಿಯೋಕೆ ಏನು ಬೇಕು, ಕೆಟ್ಟರೆ ಎಷ್ಟು ದಿನದಲ್ಲಿ ಬದಲಾಯಿಸಬೇಕು, ಕೆಟ್ಟಿದೆ ಅಂತ ಯಾರು ಯಾರಿಗೆ ಹೇಳಬೇಕು, ಇದನ್ನು ಬರೆದೆವು. ಹೇಳೋ ಜವಾಬ್ದಾರಿ ಸಂಘದ್ದು ಅಂತ ಸಹಿ ಹಾಕಿದೆವು. ಹೂಳಿನ ಗಾಡಿಗೆ ವರ್ಷಾವರ್ಷ ಕೂಲಿ ಗೊತ್ತುಮಾಡಿದವರ ಲೆಕ್ಕಾಚಾರ ಅದೇ ಅಲ್ವಾ? ಸ್ವೀಕೃತಿಯ ಸೀಲು ಹಾಕಿಸದೆ ಆಂಟಿ ಜಾಗ ಬಿಟ್ಟು ಕದಲಲಿಲ್ಲ. ಹಿಂಬರಹ ಬರುವ ತನಕ ತಿಂಗಳಿಗೊಮ್ಮೆ ಹೋಗಿ ಬಂದರು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಕೊರೀತಾನೇ ಇತ್ತು. ಎಣಿಕೆಗೆ ಕೂತ ಒಬ್ಬ ಹೆಂಗಸು ನನಗೆ ಮೆಲ್ಲಗೆ ಹೇಳಿದ್ದು: "ಬೀದೀಲಿ ಭಯ ಇಲ್ಲ ಕಣಕ್ಕ ನಂಗೆ, ಮನೇಗೆ ಹೋಗೋಕೇ ಭಯ." ಕಂಬದ ಬೆಳಕು ಹೊಸಿಲು ದಾಟಲ್ಲ. ಅಲ್ಲಿಗೆ ಬೇರೆಯದೇ ದಾರಿ ಬೇಕು. ನಮ್ಮ ರಾಜ್ಯದಲ್ಲಿ 2000-01ರಲ್ಲಿ 'ಸಾಂತ್ವನ' ಯೋಜನೆ ಶುರುವಾಯಿತು. ಸ್ವಯಂಸೇವಾ ಸಂಸ್ಥೆಗಳು ಅನುದಾನಕ್ಕೆ ಅರ್ಜಿ ಹಾಕಿ ಕೇಂದ್ರಗಳನ್ನು ನಡೆಸಿದವು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. 2015ರಿಂದ ನಿರ್ಭಯಾ ನಿಧಿಯ ಹಣದಲ್ಲಿ 'ಸಖಿ' ಕೇಂದ್ರಗಳು ಬಂದವು. ಆ ಹೆಂಗಸಿನ ಜೊತೆ ಮಾರನೇ ದಿನ ಆಂಟಿಯೇ ಹೋದರು. ಅದರ ವಿವರ ಇಲ್ಲಿ ಬರೆಯೋದು ನನ್ನ ಹಕ್ಕಲ್ಲ.

ದೀಪ ಬಂತಾ ಅಂತ ಕೇಳ್ತೀರಿ. ಬಂತು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ, ಹನ್ನೊಂದರಲ್ಲಿ ಒಂಬತ್ತು. ಬೀಟ್ ಪೊಲೀಸರು ರಾತ್ರಿ ಒಂದು ಸುತ್ತು ಬಂದು ಹೋಗ್ತಾರೆ, ಆಂಟಿ ಮನೆ ಗೇಟಿನ ಹತ್ತಿರ ಸಹಿ ಮಾಡೋ ಪುಸ್ತಕ ನೇತುಹಾಕಿದ್ದಾರೆ. ಬಾರಿನ ಮುಂದಿನ ಗುಂಪು ಇಪ್ಪತ್ತು ಹೆಜ್ಜೆ ಆಚೆ ಹೋಗಿದೆ, ಅಷ್ಟೇ. ಕೆಲಸ ಬಿಟ್ಟ ಹುಡುಗಿ ಇನ್ನೂ ವಾಪಸು ಹೋಗಿಲ್ಲ. ಅಣ್ಣನಿಗೆ ದೀಪದ ಮೇಲೆ ನಂಬಿಕೆ ಬರಬೇಕಂತೆ. ಅವಳ ತಂಗಿಯ ಒಂದು ವರ್ಷ ಹೋಯ್ತು.

ಇದನ್ನು ಸುದ್ದಿ ಮಾಡೋಣ ಅಂತ ನಮ್ಮ ಬೆಳಗಿನ ಮೀಟಿಂಗಿನಲ್ಲಿ ಪ್ರಸ್ತಾಪ ಇಟ್ಟೆ. ಇನ್‌ಪುಟ್ ಡೆಸ್ಕಿನಲ್ಲಿರೋ ಹುಡುಗ ಒಳ್ಳೆಯವನು, ಚುರುಕು. ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ ಕೇಳಿದ: "ಅಲ್ಲಿ ಏನಾಯ್ತು ಮೇಡಂ?" ನಾನು ಲೈಟ್ ಹತ್ತಿತು ಅಂದೆ. ಅವನು ಸ್ವಲ್ಪ ಹೊತ್ತು ಕಾದ, ಮುಂದೆ ಇನ್ನೇನೋ ಇದೆ ಅಂತ. ಬೆಳಿಗ್ಗೆ ಆರೂವರೆಯ ಬುಲೆಟಿನ್‌ನಲ್ಲಿ ನಲವತ್ತು ಸೆಕೆಂಡ್ ಸಿಕ್ಕಿತು, ಹವಾಮಾನದ ಮುಂಚೆ. ಆ ಹೊತ್ತಿಗೆ ಆಂಟಿ ಹಾಲು ತರೋಕೆ ಹೋಗಿದ್ದರಂತೆ, ನೋಡಲಿಲ್ಲ.

ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ನಾನು ಏನಾಯ್ತು ಅಂತ ಕೇಳಲಿಲ್ಲ.

"ಏಳನೇ ಕಂಬದ್ದು ಹೋಗೈತೆ ಕಣಮ್ಮ. ಮೂರು ದಿನ ಆಯ್ತು. ಅರ್ಜಿ ಬರ್ದಿದ್ದೀನಿ, ಓದ್ತೀನಿ ಕೇಳು."